ತಾಟಿನ್ಯಾಗಿನ ಎಡಗೈ

ಆವಾಗ ನನಗ ಅರವತ್ತೆಂಟು. ಆಗಿ ಐದು ವರ್ಷ ಆತು. ನಮ್ಮ ಮನಿಯವರಿಗೆ ಲಕ್ವಾ ಹೊಡದು ಬಲಗೈ, ಬಲಗಾಲು ಬಿದ್ದಿದ್ದುವು. ರೈಲ್ವೆ ನೌಕರಿಗಂತ ಧಾರವಾಡ ಕಡಿಂದ ನಾಗಪುರಕ್ಕ ಬಂದು ಇಲ್ಲೇ ಉಳದ ಮಂದಿ ನಾವು. ದವಾಖಾನಿಂದ ಬಿಡೂಮುಂದ ಡಾಕ್ಟರು, ಕೈ ಬರೂದಿದ್ರ ಮೊದಲ ಮೂರು ತಿಂಗಳನ್ಯಾಗ ಹೆಚ್ಚು ಬರ್ತೈತಿ, ಆಮ್ಯಾಲ ಕಷ್ಟ ಅಂದಿದ್ರು. ನಾ ದಿನಾ ಎಣಸ್ತಿದ್ದೆ.

ಮನಿಗೆ ಬಂದ ಮೊದಲನೇ ದಿನ ಇವರು ಎಡಗೈಲೆ ಬಲಗೈ ಎತ್ತಿ ತಾಟಿನ್ಯಾಗ ಇಟ್ರು. ಅನ್ನ ನೆಲಕ್ಕ ಚೆಲ್ಲಿತು. ಎಡಗೈನೂ ಸಾರಿನ್ಯಾಗ ಅದ್ದಿತು. ನನಗ ಹೇಸಿಗಿ ಬಂತು. ಎಡಗೈ ಯಾತಕ್ಕ ಅಂತ ಎಲ್ಲಾರಿಗೂ ಗೊತ್ತೈತಿ. ಅದರ ಮ್ಯಾಲ ಒಂದು ಏಟು ಹಾಕಿ ತಾಟು ಕಸಗೊಂಡೆ. ಅವತ್ತಿಂದ ನಾನ ತುತ್ತು ಮಾಡಿ ಉಣಸಿದೆ. ಬಾಜೂ ಮನಿ ಹೆಣ್ಮಕ್ಕಳು ಬಂದು, ಹಿಂಗ ಸೇವಾ ಮಾಡೋರು ಈಗ ಎಲ್ಲಿದಾರ ಅಂತ ಹೊಗಳಿ, ಚಹಾ ಕುಡದು ಹೋಗ್ತಿದ್ರು. ಇವರು ಮಾತ್ರ ತೊದಲಿಕೋತ, "ಮೆಲ್ಲಗ ಹಾಕು. ಬಾಯಿ ಇದು, ಚೀಲ ಅಲ್ಲ" ಅಂತಿದ್ರು.

ವ್ಯಾಯಾಮ ಮಾಡಸೋ ಹುಡುಗಿ ವಾರಕ್ಕ ಮೂರು ಸಲ ಮುಂಜಾನೆ ಹತ್ತಕ್ಕ ಬರ್ತಿದ್ದಳು. ಹಿಡದು ನಡಸ್ತಿದ್ದಳು, ಬಲಗೈಲೆ ಮಣಿ ಹೆಕ್ಕಸ್ತಿದ್ದಳು. ಉಣ್ಣೂದು ಆಕಿ ನೋಡಿದ್ದಿಲ್ಲ. ಎರಡೂವರಿ ತಿಂಗಳಾದ ಮ್ಯಾಲ ಒಂದಿನ, ಇತವಾರಿ ಪ್ಯಾಟಿಯೊಳಗ ಕೈಗಾಡಿ ಟೆಂಪೊ ಸಿಕ್ಕೊಂಡು ಹಾದಿ ಬಂದ್ ಆಗಿತ್ತಂತ, ಮಧ್ಯಾಹ್ನ ಬಂದಳು. ನಾ ಉಣಸ್ತಿದ್ದೆ. ದಿನಾ ಹಿಂಗೇನಾ ಅಂತ ಹಿಂದಿಯೊಳಗ ಕೇಳಿದಳು. ಹೂಂ, ಒಂದು ಹೊತ್ತೂ ತಪ್ಪಿಸಿಲ್ಲ ಅಂದೆ. ಹೇಳೂಮುಂದ ಧಿಮಾಕಿತ್ತು.

"ಆಜಿ, ಆ ಕೈಗೆ ದಿನಕ್ಕ ಮೂರು ಸಲ ಕೆಲಸ ಇತ್ತು. ಅದನ್ನ ನೀವು ಮಾಡೀರಿ" ಅಂದಳು.

ಮೊದಲನೇ ದಿನ ಆಗಿದ್ದು ಆಕಿಗೆ ಹೇಳಿದೆ. ಎಡಗೈಲೆ ಬಲಗೈ ಎತ್ತಿದ್ದು ಬರೋಬರ್ ಇತ್ತಂತ. ಅದನ್ನ ಮಾಡಸಬೇಕಿತ್ತಂತ. ಚೆಲ್ಲಿದ್ರ ಚೆಲ್ಲಲಿ ಅಂದಳು.

ಆಕಿ ಹೋದ ಮ್ಯಾಲ ಇವರಿಗೆ, "ಆವಾಗ ಹೇಳಬೇಕಿಲ್ಲೇನು?" ಅಂದೆ.

ಇವರು ಗೋಡಿ ನೋಡಿದ್ರು. "ನೀ ಹೊಡದ್ಯಲ್ಲ" ಅಂದ್ರು.

ನನಗ ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಅವತ್ತಿನ ಅನ್ನ ಆರಿತ್ತು, ಅದನ್ನ ಉಂಡೆ. ಆ ಕೈ ಪೂರಾ ಬರಲಿಲ್ಲ. ಈಗ ಚಮಚ ಹಿಡೀತಾರ, ಅಂಗಿ ಗುಂಡಿ ನಾ ಹಾಕಬೇಕು. ಮೊದಲೇ ಬಿಟ್ಟಿದ್ರ ಎಷ್ಟು ಬರ್ತಿತ್ತು ಅಂತ ಡಾಕ್ಟರನ್ನ ಕೇಳಲಿಲ್ಲ.

ಆ ಹುಡುಗಿ ಹೇಳಿಹೋದ ಮರುದಿನ ಮುಂಜಾನೆ ಉಪ್ಪಿಟ್ಟು ಮಾಡಿದೆ. ನೆಲಕ್ಕ ಹಳೇ ಸೀರಿ ಹಾಸಿ ತಾಟು ಇವರ ಮುಂದ ಇಟ್ಟೆ. ಬಲಗೈ ಹಿಡಕೊಂಡು ಎಡಗೈ ತಾಟಿನ್ಯಾಗ ಹೋತು. ನಾ ಎದ್ದು ಹಿತ್ತಲಕ್ಕ ಹೋಗಿ ಭಾಂಡೆ ತಿಕ್ಕಿದೆ.