ಎತ್ತರದ ಗಿಡ ಕಿತ್ತದ್ದು

ನಾನು ಗಾಂಜಾ ಜಾತಿಯ ಗಿಡದ ತಳಿ ತೆಗೆಯುವವಳು. ನಶೆ ಏರಿಸದ ಹೆಂಪ್, ಲೈಸೆನ್ಸ್ ಇರುವ ಗ್ರೀನ್‌ಹೌಸ್, ಅಮೆರಿಕದ ರಿಸರ್ಚ್ ಟ್ರಯಾಂಗಲ್ ಪಾರ್ಕಿನಿಂದ ಅರ್ಧ ಗಂಟೆಯ ದಾರಿ. ಕೋವಿಡ್ ಕಳೆದ ಮೇಲೆ ಇಲ್ಲಿನ ಕನ್ನಡದವರೆಲ್ಲ ಮನೆಯಿಂದ ಅಡುಗೆ ತಂದು ಹಂಚಿಕೊಂಡು ಉಂಡ ಮೊದಲ ಪಾಟ್‌ಲಕ್‌ನಲ್ಲಿ ಒಬ್ಬ ಆಂಟಿ ಎಲ್ಲರಿಗೂ ಕೇಳುವಂತೆ, "ನೀನು ಗಾಂಜಾ ಗ್ರೋ ಮಾಡ್ತೀಯಂತೆ?" ಎಂದರು. "ಹೌದು ಆಂಟಿ. ಇನ್ನೊಂಚೂರು ಸಾರು ಹಾಕ್ಲಾ?" ಎಂದೆ. ನಾಚಿಕೆ ಪಡಲು ನಾನೇನು ಕಳ್ಳತನ ಮಾಡಿದ್ದೆನೇ?

ಕೆಲಸ ಇಷ್ಟೇ: ಹೆಣ್ಣು ಗಿಡಕ್ಕೆ ಬೆಳ್ಳಿಯ ದ್ರಾವಣ ಸಿಂಪಡಿಸಿದರೆ ಅದೇ ಪರಾಗವನ್ನೂ ಕೊಡುತ್ತದೆ. ಆ ಪರಾಗವನ್ನು ಅದರದೇ ಹೂವಿಗೆ ಮುಟ್ಟಿಸಿ ಬೀಜ ಕಟ್ಟಿಸಬೇಕು. ಹೀಗೆ ತಲೆಮಾರುಗಟ್ಟಲೆ ಮಾಡಿದರೆ ಮಕ್ಕಳೆಲ್ಲ ಒಂದೇ ಥರ ಹುಟ್ಟುತ್ತವೆ. ಆದರೆ ಪ್ರತಿ ಸಲವೂ ಗಿಡ ಸೊರಗುತ್ತದೆ.

ನಾಲ್ಕನೆಯ ತಲೆಮಾರಿನಲ್ಲಿ ನಾನು ಮೋಸ ಹೋದೆ. ಸಾಲಿನಲ್ಲಿ ಒಂದೇ ಒಂದು ಗಿಡ ಎತ್ತರಕ್ಕೆ ಎದ್ದು ನಿಂತಿತ್ತು. ಕೊನೆಗೂ ಚೇತರಿಸಿಕೊಂಡಿತೆಂದು ಹಿಗ್ಗಿ ಅದರ ಬೀಜವನ್ನೇ ಬಿತ್ತಿದೆ. ಮಕ್ಕಳು ಒಂದು ಉದ್ದ, ಒಂದು ಕುಳ್ಳ. ಹಿಂದಿನ ತಲೆಮಾರಿನಲ್ಲೇ ಹೊರಗಿನ ಪರಾಗ ನುಸುಳಿತ್ತು; ಆ ಎತ್ತರ ಬೆರಕೆಯದು. ಬೆಳ್ಳಗಿರುವುದೆಲ್ಲ ಹಾಲಲ್ಲ. ಫ್ರಿಜ್‌ನಲ್ಲಿಟ್ಟಿದ್ದ ಹಳೆಯ ಬೀಜದಿಂದ ಮತ್ತೆ ಶುರು ಮಾಡಿದೆ. ಒಂದು ವರ್ಷ ಹಾಳಾಯಿತು.

ಆರನೆಯ ತಲೆಮಾರಿನಲ್ಲಿ ನಲವತ್ತು ಗಿಡ. ಮೂವತ್ತೊಂಬತ್ತು ಗುಜ್ಜಾರಿ, ಒಂದು ಎತ್ತರ. ನಮ್ಮ ಮ್ಯಾನೇಜರ್ ಮೈಸೂರಿನವರು. ನೋಡಲು ಬಂದವರು ಸೀದಾ ಎತ್ತರದ ಗಿಡದ ಹತ್ತಿರ ಹೋದರು.

"ಇದೇ ವಿನ್ನರ್! ಇದರ ಸೀಡ್ಸ್ ಇಟ್ಕೊಳ್ಳಿ. ಉಳಿದಿದ್ದನ್ನ ಇವತ್ತೇ ಡಿಸ್ಕಾರ್ಡ್ ಮಾಡಿ."

ಆ ಮೂವತ್ತೊಂಬತ್ತು ಹೋದರೆ ನನ್ನ ತಳಿಯೇ ಹೋದಂತೆ.

"ಅದು ಈ ತಳೀದೇ ಅಲ್ಲ. ಹೊರಗಿನ ಪರಾಗ ಸೇರಿದೆ."

"ಪ್ರೂಫ್ ಏನಿದೆ?"

"ಮೂವತ್ತೊಂಬತ್ತೂ ಒಂದೇ ಥರ ನಿಂತಿವೆಯಲ್ಲ."

"ಇಲ್ಲಿ ಡಿಸೈಡ್ ಮಾಡೋನು ನಾನು ಕಣ್ರೀ."

ನನಗೆ ಸಿಟ್ಟು ನೆತ್ತಿಗೇರಿತು. ಬಗ್ಗಿ, ಎತ್ತರದ ಗಿಡದ ಬುಡ ಹಿಡಿದು ಅವರೆದುರೇ ಕಿತ್ತೆಸೆದೆ. ಅವರ ಮುಖ ಕೆಂಪಾಯಿತು.

"ನಿಮ್ಮ ಕೆಲಸ ಹೋಗತ್ತೆ, ಗೊತ್ತಾ?"

"ಹೋಗ್ಲಿ. ಇವಕ್ಕೆ ನೀರು ಹಾಕಿ ಹೋಗ್ತೀನಿ."

ನೀರು ಹಾಕತೊಡಗಿದೆ. ಅವರು ಹೊರಗೆ ಹೋಗಲಿಲ್ಲ. ತಪ್ಪು ಹುಡುಕಲೆಂದೇ ಇರಬೇಕು, ಸಾಲಿನುದ್ದಕ್ಕೂ ಬಗ್ಗಿ ಬಗ್ಗಿ ನೋಡಿದರು. ಮೂರನೆಯದರ ಎಲೆ ಹಿಡಿದು ನೋಡಿ ಹತ್ತನೆಯದಕ್ಕೆ ಹೋದರು, ಮತ್ತೆ ಮೂರನೆಯದಕ್ಕೆ ಬಂದರು.

"ಇವುಗಳಲ್ಲಿ ಯಾವುದು ಯಾವುದು ಅಂತ ಹೇಗೆ ಗೊತ್ತಾಗತ್ತೆ?"

"ಗೊತ್ತಾಗಲ್ಲ ಸಾರ್," ಎಂದೆ. "ಆರು ತಲೆಮಾರು ಒದ್ದಾಡಿದ್ದು ಅದಕ್ಕೇ."