ಮಗ್ಗದ ಮನೆಯಲ್ಲಿ ಒಂದು ಉಬ್ಬಸ

ಮಕ್ಕಳ ವಾರ್ಡಿನಲ್ಲಿ ವರ್ಷಗಟ್ಟಲೆ ನರ್ಸ್ ಆಗಿದ್ದವಳು ನಾನು. ಈಗ ಊರೂರು ತಿರುಗಿ, ಉಬ್ಬಸದ ಮಕ್ಕಳಿಗೆ ಇನ್ಹೇಲರ್ ಕೊಡುವುದು ಹೇಗೆಂದು ಆಶಾ ಕಾರ್ಯಕರ್ತೆಯರಿಗೆ ಕಲಿಸುತ್ತೇನೆ. ಕಲಿಯುವುದಕ್ಕೆ ಅದೇನು ಬ್ರಹ್ಮವಿದ್ಯೆಯಲ್ಲ. ಪಂಪನ್ನು ಚೆನ್ನಾಗಿ ಅಲ್ಲಾಡಿಸಿ ಸ್ಪೇಸರ್ ಅನ್ನುವ ಪ್ಲಾಸ್ಟಿಕ್ ಕೊಳವೆಗೆ ಸಿಕ್ಕಿಸಬೇಕು. ಕೊಳವೆಯ ಮಾಸ್ಕನ್ನು ಮಗುವಿನ ಮುಖಕ್ಕೆ ಸಂದಿಲ್ಲದಂತೆ ಹಿಡಿದು ಒಮ್ಮೆ ಒತ್ತಬೇಕು. ಮಗು ನಾಲ್ಕಾರು ಸಲ ಉಸಿರೆಳೆಯುವವರೆಗೆ ಮಾಸ್ಕ್ ತೆಗೆಯಬಾರದು. ಇಷ್ಟನ್ನು ಹೇಳಿ ಹೇಳಿ ನನ್ನ ಗಂಟಲ ಪಸೆ ಆರಿದೆ.

ಚಳ್ಳಕೆರೆಯ ತರಬೇತಿಯ ದಿನ ಕರೆಂಟಿರಲಿಲ್ಲ. ಕಿಟಕಿ ತೆಗೆದರೆ ಶೇಂಗಾ ಹೊಟ್ಟಿನ ಧೂಳು, ಮುಚ್ಚಿದರೆ ಧಗೆ. ಒಬ್ಬಾಕೆ ಮಾಸ್ಕ್ ಇಡುವ ಮೊದಲೇ ಒತ್ತಿದಳು. ಇನ್ನೊಬ್ಬಾಕೆ ಸೆಂಟು ಹೊಡೆದಂತೆ ಗಾಳಿಗೆ ಹೊಡೆದಳು.

"ಇದು ಚಟ ಆಗಲ್ವಾ ಮೇಡಂ?" ಎಂದು ಯಾರೋ ಕೇಳಿದರು.

"ಆಗಲ್ಲ" ಎಂದೆ. ಯಾಕೆ ಆಗುವುದಿಲ್ಲವೆಂದು ವಿವರಿಸಿದೆ. ಎಲ್ಲರೂ ತಲೆದೂಗಿದರು. ಆ ತಲೆದೂಗುವಿಕೆ ಕಂಡರೇ ನನಗೆ ಮೈಯುರಿ. ಮೊಳಕಾಲ್ಮೂರಿನಿಂದ ಬಂದಿದ್ದ ಒಬ್ಬಾಕೆ ಮಾತ್ರ ಒಂದೂ ತಪ್ಪಿಲ್ಲದೆ ಮಾಡಿ ತೋರಿಸಿದಳು. ಸದ್ಯ, ಇವಳೊಬ್ಬಳಾದರೂ ಸಿಕ್ಕಳಲ್ಲ ಎಂದುಕೊಂಡೆ.

ಮುಂದಿನ ವಾರ ಅವಳ ಜೊತೆಗೇ ಮೊಳಕಾಲ್ಮೂರಿನ ಒಂದು ನೇಕಾರರ ಮನೆಗೆ ಹೋದೆ. ಅಪ್ಪ ಮಗ್ಗದಲ್ಲಿದ್ದ. ಐದಾರು ವರ್ಷದ ಹುಡುಗಿ ಗೋಡೆಗೊರಗಿ ಕೂತಿದ್ದಳು. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಸಂದು ಒಳಕ್ಕೆ ಹೋಗುತ್ತಿತ್ತು, ಎದೆ ಸಿಳ್ಳೆ ಹಾಕುತ್ತಿತ್ತು. ಏನಾಯ್ತು ಪುಟ್ಟಾ ಅಂದರೆ ಒಂದೊಂದೇ ಪದ ಬರುತ್ತಿತ್ತು.

"ಡಾಕ್ಟ್ರು ಕೊಟ್ಟ ಪಂಪೆಲ್ಲಿ?"

ಬೀರುವಿನ ಮೇಲಿತ್ತು. ಸ್ಪೇಸರಿನ ಕವರನ್ನೂ ಒಡೆದಿರಲಿಲ್ಲ.

"ಅಲವಾಟೈಪೋತುಂದಮ್ಮಾ" ಎಂದರು ಒಳಗಿನಿಂದ ಬಂದ ಅಜ್ಜಿ, ತೆಲುಗಿನಲ್ಲಿ. ಅಭ್ಯಾಸವಾಗಿಬಿಡುತ್ತಂತೆ.

"ಯಾರು ಹೇಳಿದ್ರಜ್ಜಿ ನಿಮಗೆ?"

ಅಜ್ಜಿ ನನ್ನ ಪಕ್ಕದಲ್ಲಿದ್ದವಳನ್ನೇ ತೋರಿಸಿದರು. "ಈಯಮ್ಮನೇ. ತೀರಾ ಕೈ ಮೀರಿದ್ರೆ ಮಾತ್ರ ಕೊಡ್ರಿ ಅಂದ್ಲು."

ನನಗೆ ರಕ್ತ ಕುದಿಯಿತು. ಆದರೆ ಮೊದಲು ಮಗು. ಕವರು ಹರಿದು ಆ ಆಶಾ ಕಾರ್ಯಕರ್ತೆಯ ಕೈಗೇ ಕೊಟ್ಟೆ. "ಮಾಡು" ಎಂದೆ. ಮಾಡಿದಳು, ತರಬೇತಿಯಲ್ಲಿ ಮಾಡಿದಷ್ಟೇ ಚೊಕ್ಕವಾಗಿ. ಒಂದೊಂದು ಸಲವೂ ನಡುವೆ ಬಿಡುವು ಕೊಟ್ಟು ಮತ್ತೆ ಒತ್ತಿದಳು. ಸ್ವಲ್ಪ ಹೊತ್ತಿನಲ್ಲಿ ಸಿಳ್ಳೆ ಇಳಿಯಿತು. "ಅಜ್ಜೀ, ನನ್ ಚೆಂಡು ಮಗ್ಗದ ಗುಂಡಿಗೆ ಬಿದ್ದೈತೆ, ತೆಕ್ಕೊಡು" ಎಂದು ಹುಡುಗಿ ಒಂದೇ ಉಸಿರಿಗೆ ಹೇಳಿದಳು. ಅಜ್ಜಿ ಪಂಪನ್ನು ತಿರುಗಿಸಿ ಮುರುಗಿಸಿ ನೋಡಿದರು.

ಹೊರಗೆ ಬಂದಮೇಲೆ ತಡೆಯಲಾಗಲಿಲ್ಲ. "ಎಲ್ಲ ಬಲ್ಲೆ ನೀನು. ಮತ್ತೆ ಯಾಕೆ ಹಂಗೆ ಹೇಳ್ದೆ?"

ಅವಳು ಸೆರಗಿನ ತುದಿ ಸುತ್ತುತ್ತ ನಿಂತಳು. "ನನ್ ಮಗಳಿಗೂ ಉಬ್ಬಸ ಐತ್ರಿ. ಅವಳಿಗೂ ಕೊಡಲ್ಲ ನಾನು. ನನ್ ತಮ್ಮ ಪಂಪು ಬಾಯಿಗಿಟ್ಕಂಡಂಗೇ ಹೋದ."

"ಪಂಪಿಂದ ಹೋಗಿಲ್ಲಮ್ಮ. ಅಷ್ಟೊತ್ತಿಗೆ ತಡ ಆಗಿರುತ್ತೆ. ಪಂಪಿಗೂ ಬಗ್ಗದಿದ್ರೆ ಕೂಡ್ಲೇ ಆಸ್ಪತ್ರೆಗೆ ಓಡ್ಬೇಕು."

"ಗೊತ್ತೈತ್ರಿ. ನೀವು ಹೇಳೋವಾಗ ಎಲ್ಲಾ ತಿಳೀತೈತೆ. ಮನೀಗೋದ್ರೆ ಕೈ ಬರಲ್ಲ."

ಕೋಪ ಹೋಗಲಿಲ್ಲ, ಆದರೆ ಅದನ್ನು ಯಾರ ಮೇಲೆ ಹಾಕುವುದೆಂದು ತೋಚಲಿಲ್ಲ. ಕೈ ಏನು ಮಾಡಬೇಕೆಂಬುದನ್ನಷ್ಟೇ ಕಲಿಸುವ ತರಬೇತಿ ನಮ್ಮದು. ತಮ್ಮನನ್ನು ಕಳೆದುಕೊಂಡವಳಿಗೆ ಕೊಡಲು ಅದರಲ್ಲಿ ಏನೂ ಇರಲಿಲ್ಲ.

ಅವಳ ಮನೆಗೇ ಹೋದೆವು. ಮಗಳಿಗೆ ರಾತ್ರಿಯೆಲ್ಲ ಕೆಮ್ಮಿತ್ತಂತೆ, ಎದೆ ಕಟ್ಟಿತ್ತು. ಮಾಸ್ಕ್ ಇಟ್ಟು ಒತ್ತುವಾಗ ಅವಳು ಕಣ್ಣು ಮುಚ್ಚಿಕೊಂಡಳು.

"ಕಣ್ಣು ಬಿಟ್ಟು ಒತ್ತು. ಮಗು ಉಸಿರಾಡೋದು ಕಾಣ್ಬೇಕು ನಿನಗೆ."

ಬಿಟ್ಟಳು. ಮಗಳು ಕೊಸರಾಡಿದಳು, ಅತ್ತಳು, ಆಮೇಲೆ ಸುಮ್ಮನಾದಳು.

ಮೊನ್ನೆ ಫೋನ್ ಮಾಡಿದ್ದಳು. ತಾನೊಬ್ಬಳೇ ಇದ್ದಾಗಲೂ ಮಗಳಿಗೆ ಕೊಟ್ಟೆ ಎಂದಳು. ನೇಕಾರರ ಹುಡುಗಿ ಹೇಗಿದ್ದಾಳೆ ಎಂದೆ. ಚೆನ್ನಾಗಿದ್ದಾಳಂತೆ. ಅಜ್ಜಿ ಪಂಪನ್ನು ಈಗ ಪಕ್ಕದ ಮನೆಯ ಮುದುಕನ ಕೆಮ್ಮಿಗೂ ಕೊಡುತ್ತಿದ್ದಾರಂತೆ.

ಹಣೆ ಹಣೆ ಚಚ್ಚಿಕೊಂಡು ಮತ್ತೆ ಮೊಳಕಾಲ್ಮೂರಿನ ಬಸ್ ಹತ್ತಿದೆ.