ಗೇಟಿನ ಕೊಕ್ಕೆಯಲ್ಲಿ ಕಿಚಡಿ

ಹೊಟ್ಟೆ ಕತ್ತರಿಸಿ ತೂಕ ಇಳಿಸುವ ಆಪರೇಷನ್ನಿಗೆ ಅರಿವಳಿಕೆ ಕೊಟ್ಟ ಮೇಲೆ ಏಳದೇ ಇರಬಹುದಿತ್ತು. ಎದ್ದರೂ ಹೊಲಿಗೆ ಬಿಟ್ಟು ಹೊಟ್ಟೆಯೊಳಗಿನದು ಹೊಟ್ಟೆಯೊಳಗೇ ಸೋರಬಹುದಿತ್ತು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಎದೆಗೆ ಏರಬಹುದಿತ್ತು. ಪಿತ್ತಕೋಶದಲ್ಲಿ ಕಲ್ಲಾಗಬಹುದಿತ್ತು, ಬಾಚಣಿಗೆಗೆ ಕೆಲಸ ಇಲ್ಲದ ಹಾಗೆ ಕೂದಲು ಉದುರಬಹುದಿತ್ತು. ಡಾಕ್ಟರು ಅಳತೆ ತಪ್ಪಿ ಹೆಚ್ಚು ಕತ್ತರಿಸಬಹುದಿತ್ತು. ಅಥವಾ ಕಡಿಮೆ ಕತ್ತರಿಸಿ, ನಾನು ಮೊದಲಿನ ಹಾಗೆಯೇ ಸಿಟಿ ಬಸ್ಸಿನಲ್ಲಿ ಒಂದು ಟಿಕೆಟಿಗೆ ಎರಡು ಸೀಟು ತುಂಬಬಹುದಿತ್ತು. ಎಲ್ಲಕ್ಕಿಂತ ದೊಡ್ಡ ಭಯ ಬೇರೆ ಇತ್ತು. ನಾನು ಸತ್ತು, ನನ್ನ ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ಬಂದ ನೆಂಟರು 'ಪಾಪ, ಸಪೂರ ಆಗ್ಲಿಕ್ಕೆ ಹೋಗಿ ಸತ್ತದ್ದು' ಎನ್ನುತ್ತಾ ಎರಡನೇ ಸಲ ಪಾಯಸ ಬಡಿಸಿಕೊಳ್ಳಬಹುದಿತ್ತು.

ಯಾವುದೂ ಆಗಲಿಲ್ಲ. ಸಕ್ಕರೆ ಕಾಯಿಲೆ ಹತೋಟಿಗೆ ಬಂತು, ಮೊಣಕಾಲು ಸುಮ್ಮನಾಯಿತು. ಹೊಟ್ಟೆ ಒಂದು ಬಾಳೆಹಣ್ಣಿನ ಗಾತ್ರಕ್ಕೆ ಇಳಿದಿದೆ ಎಂದು ಡಾಕ್ಟರು ಚಿತ್ರ ಬಿಡಿಸಿ ತೋರಿಸಿದರು. ಅದು ಪುಟ್ಟ ಕದಳಿಯೋ ಉದ್ದದ ನೇಂದ್ರವೋ ಎಂದು ಕೇಳುವ ಧೈರ್ಯ ಬರಲಿಲ್ಲ; ಮನೆಗೆ ಬಂದು ಅದನ್ನೇ ಯೋಚಿಸುತ್ತಾ ಕೂತೆ.

ಉರ್ವದ ಬಾಡಿಗೆ ಮನೆಯಲ್ಲಿ ನಾನು ಒಬ್ಬಳೇ. ಮದುವೆ ಆಗಲಿಲ್ಲ, ಅದಕ್ಕೂ ಬೇಕಾದಷ್ಟು ಹೆದರಿಕೊಂಡಿದ್ದೆ. ಇರುವವನು ಒಬ್ಬ ಅಣ್ಣ. ಪ್ರಾಯದಲ್ಲಿ ಬೋಟಿಗೆ ಹೋಗುತ್ತಿದ್ದ, ಈಗ ಬಂದರಿನಲ್ಲಿ ಬೋಟು ನಿಲ್ಲುವ ಧಕ್ಕೆಯಲ್ಲಿ ಬೆಳಿಗ್ಗೆ ಏಲಂನಲ್ಲಿ ಬೆಲೆ ಕೂಗಿ ಮೀನು ಹಿಡಿದು ಹೋಟೆಲುಗಳಿಗೆ ಕೊಡುತ್ತಾನೆ. ಏಲಂ ಮುಗಿದ ಕೂಡಲೇ ಸ್ಕೂಟರಿನಲ್ಲಿ ಬಂದು, ನನ್ನ ಗೇಟಿನ ಕೊಕ್ಕೆಗೆ ಸಾರಿನ ಮೀನಿನ ಚೀಲ ತೂಗಿಸಿ, ಒಂದು ಹಾರ್ನ್ ಹೊಡೆದು ಹೋಗುತ್ತಿದ್ದ. ಒಳಗೆ ಬರುತ್ತಿರಲಿಲ್ಲ. ಅಪ್ಪನೂ ಹೀಗೆಯೇ: ಬೋಟು ಬಂದರೆ ಮೊದಲ ಪಾಲು ತನ್ನ ತಂಗಿ, ನಮ್ಮ ಅತ್ತೆಯ ಮನೆಗೆ, ಆಮೇಲೆ ನಮಗೆ. ತಂಗಿಗೆ ಕೊಡದೆ ತನ್ನ ಒಲೆಯ ಮೇಲೆ ಮೀನಿನ ಚಟ್ಟಿ ಇಡುವುದು ನಮ್ಮ ಮನೆಯಲ್ಲಿ ಇರಲಿಲ್ಲ. ಅಮ್ಮ ಹೋದ ಮೇಲೆ ಅಣ್ಣನಿಗೂ ನನಗೂ ನಡುವೆ ಆ ಚೀಲ ಬಿಟ್ಟರೆ ಹೇಳುವಂಥದ್ದು ಏನೂ ಉಳಿದಿರಲಿಲ್ಲ. ಅದೂ ನಿಂತರೆ ನಾನು ಯಾರ ತಂಗಿ ಎಂದು ಹೇಳಿಕೊಳ್ಳುವುದು ಎಂಬುದು ನನ್ನ ಹಳೆಯ ಭಯಗಳಲ್ಲಿ ಒಂದು.

ಆಪರೇಷನ್ ಆದ ಮೊದಲ ವಾರಗಳು ಗಂಜಿನೀರಿನಲ್ಲಿ ಕಳೆದವು. ಆಮೇಲೆ ಮೆತ್ತಗಿನದನ್ನು ತಿನ್ನಬಹುದು ಎಂದರು. ನಾನು ಬಂಗುಡೆ ಮೀನಿನ ಹುಳಿ-ಖಾರದ ಪುಳಿಮುಂಚಿ ಮಾಡಿ, ಎರಡು ಚಮಚ ತಿಂದು, ಬಚ್ಚಲಿಗೆ ಓಡಿದೆ. ಖಾರ ಕಡಿಮೆ ಮಾಡಿ ನೋಡಿದೆ, ಹುಳಿ ಬಿಟ್ಟು ನೋಡಿದೆ. ಕೊನೆಗೆ ಅದರ ವಾಸನೆಯೇ ಆಗದಾಯಿತು. ಅದೂ ಅಲ್ಲದೆ ನಾಲ್ಕು ಚಮಚದ ಊಟಕ್ಕೆ ಮಸಾಲೆ ಅರೆಯುವುದು ಹೇಗೆ? ಮಿಕ್ಸಿಯ ಬ್ಲೇಡಿಗೇ ತಾಗುವುದಿಲ್ಲ. ಜಾರಿನ ಗೋಡೆಗೆ ಅಂಟಿ ಕೂರುತ್ತದೆ.

ಹೀಗೆ ಸೂಪರ್ ಮಾರ್ಕೆಟಿನ ಫ್ರೀಜರಿಗೆ ಬಂದು ತಲುಪಿದೆ. ದಾಲ್ ಕಿಚಡಿ, ಪಾಲಕ್ ಪನೀರ್, ಬಿಳಿ ಸಾಸಿನಲ್ಲಿ ಮೀನು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಹಬೆ, ಕೊತ್ತಂಬರಿ ಸೊಪ್ಪು. ಒಳಗೆ ಗಟ್ಟಿ ಇಟ್ಟಿಗೆ. ಓವನ್ನಿನಲ್ಲಿ ಸುತ್ತಿಸಿ ತೆಗೆದರೆ ನಡುಭಾಗ ಇನ್ನೂ ತಣ್ಣಗೆ. 'ಒಬ್ಬರಿಗೆ' ಎಂದು ಬರೆದಿರುತ್ತದೆ, ನನಗೆ ಮೂರು ಹೊತ್ತಿಗೆ ಆಗುತ್ತದೆ. ಹಾಗಾದರೆ ನಾನು ಒಬ್ಬರಲ್ಲಿ ಎಷ್ಟು ಎಂದು ಲೆಕ್ಕ ಹಾಕಬಾರದು. ಹಸಿವು ಎನ್ನುವುದು ಬರುವುದೇ ಇಲ್ಲ. ಅದು ಇಷ್ಟು ವರ್ಷ ದಿನವೂ ಮನೆಗೆ ಬರುತ್ತಿದ್ದ ಒಬ್ಬಳೇ ಗೆಳತಿ ಎಂದು ನನಗೆ ಗೊತ್ತಿರಲಿಲ್ಲ. ಈಗ ಫೋನಿನ ಅಲಾರಂ ಹೊಡೆದಾಗ ತಿನ್ನುತ್ತೇನೆ, ಮಾತ್ರೆ ನುಂಗಿದ ಹಾಗೆ.

ಮೀನು ಮಾತ್ರ ಬರುತ್ತಲೇ ಇತ್ತು. ಬೇಡ ಎನ್ನಲು ಬಾಯಿ ಬರಲಿಲ್ಲ. ತೊಳೆದು, ಕಟ್ಟಿ, ಫ್ರೀಜರಿನಲ್ಲಿ ಕಿಚಡಿಯ ಪಕ್ಕ ಇಟ್ಟೆ. ಕರೆಂಟು ಹೋದರೆ ಎಲ್ಲ ಕೊಳೆತು ನಾರಿ ಬೀದಿಯವರು ಪೊಲೀಸರನ್ನು ಕರೆಯುತ್ತಾರೆ ಎಂದು ಹೊಸದೊಂದು ಹೆದರಿಕೆಯೂ ಸಿಕ್ಕಿತು.

ಒಂದು ಭಾನುವಾರ ಅಣ್ಣ ಅಪರೂಪಕ್ಕೆ ಒಳಗೆ ಬಂದ. ಬೊಂಡಾಸ್ ಮೀನು ಸಿಕ್ಕಿದೆ, ಬಿಸಿಲಿಗೆ ಹಾಳಾಗ್ತದೆ ಎಂದು ತಾನೇ ಫ್ರೀಜರ್ ತೆಗೆದ. ಒಳಗೆ ಅವನ ಬಂಗುಡೆ, ಬೂತಾಯಿ, ಕಾಣೆ ಮೀನೆಲ್ಲ ಕಲ್ಲಾಗಿ ಪೇರಿಕೊಂಡಿದ್ದವು. ಅವನು ಅವನ್ನು ಅತ್ತ ಸರಿಸಿದ. ಮೀನಿನ ಚಿತ್ರದ ಪೆಟ್ಟಿಗೆಯನ್ನು ಹೊರಗೆಳೆದ.

"ಇದು ಎಂತ?"

"ಮೀನು."

"ಅದು ನನಗೂ ಕಾಣ್ತದೆ. ಯಾವ ಕಡಲಿನದ್ದು?"

"ಕಡಲಿನದ್ದಲ್ಲ. ಹೊಳೆಯದ್ದು. ವಿಯೆಟ್ನಾಂ ಅಂತ ಉಂಟು."

"ಬಂದರಿನಲ್ಲಿ ಹುಟ್ಟಿ ವಿಯೆಟ್ನಾಮಿನ ಹೊಳೆ ಮೀನು ತಿನ್ನುದಾ ಮಾರಾಯ್ತಿ. ಅಪ್ಪ ಇದ್ದಿದ್ರೆ ನಿನ್ನನ್ನು ಬೋಟಿಗೆ ಕಟ್ಟಿ ಅಲ್ಲಿಗೇ ಬಿಟ್ಟು ಬರ್ತಿದ್ರು." ಪೆಟ್ಟಿಗೆಯನ್ನು ತಿರುಗಿಸಿ ನೋಡಿದ. "ರುಚಿ ಉಂಟಾ?"

"ಇಲ್ಲ. ಮುಳ್ಳೂ ಇಲ್ಲ."

"ಮತ್ತೆ ಯಾಕೆ ತಿನ್ನುದು?"

"ಒಳಗೆ ನಿಲ್ತದೆ."

ಫ್ರೀಜರಿನ ಬಾಗಿಲು ತೆರೆದೇ ಇತ್ತು. ತಣ್ಣಗಿನ ಹೊಗೆ ನಮ್ಮಿಬ್ಬರ ಕಾಲ ಮೇಲೆ ಇಳಿಯುತ್ತಿತ್ತು.

"ನಾನು ತಂದದ್ದು ನಿಲ್ಲುದಿಲ್ವಾ?"

ಇಲ್ಲ ಎಂದೆ. ಸುಳ್ಳು ಹೇಳಬಹುದಿತ್ತು, ಆದರೆ ಅಷ್ಟು ಸಾಕ್ಷಿ ಎದುರಿಗೇ ಗಡ್ಡೆಕಟ್ಟಿ ಕೂತಿತ್ತು. ಅಣ್ಣ ಪೆಟ್ಟಿಗೆಯನ್ನು ಇದ್ದಲ್ಲೇ ಇಟ್ಟು, ತನ್ನ ಮೀನನ್ನೆಲ್ಲ ಗೋಣಿಗೆ ತುಂಬಿಕೊಂಡು, ಬೊಂಡಾಸನ್ನೂ ತೆಗೆದುಕೊಂಡು ಹೋದ. ಜಾಗ ಆಯ್ತಲ್ಲ ಎಂದ.

ಮರುದಿನ ಹಾರ್ನ್ ಕೇಳಲಿಲ್ಲ. ಅದರ ಮರುದಿನವೂ ಇಲ್ಲ. ಆಫೀಸಿಗೆ ಹೊರಡುವ ಮೊದಲು ಎರಡೆರಡು ಸಲ ಗೇಟಿನವರೆಗೆ ಹೋಗಿ ಬರುತ್ತಿದ್ದೆ. ಬೇಡವಾದ ಮೀನಿಗೆ ಕಾಯುವ ಹೆಂಗಸು ಉರ್ವದಲ್ಲಿ ನಾನೊಬ್ಬಳೇ ಇರಬೇಕು.

ಆ ವಾರದ ಕೊನೆಯಲ್ಲಿ, ಸಂಜೆ ಬಸ್ಸಿಳಿದು ಬರುವಾಗ ಗೇಟಿನಲ್ಲಿ ಚೀಲ ತೂಗುತ್ತಿತ್ತು. ಅದೇ ಮೀನಿನ ಚೀಲ, ತಳದಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ದಾಲ್ ಕಿಚಡಿಯ ಪೆಟ್ಟಿಗೆ. ಸೂಪರ್ ಮಾರ್ಕೆಟ್ ತೆರೆಯುವುದು ನಾನು ಆಫೀಸಿಗೆ ಹೋದ ಮೇಲೆ. ಅಣ್ಣ ಕಾದು, ಕೊಂಡು, ಧಕ್ಕೆಯ ಪುಡಿ ಐಸಿನಲ್ಲಿ ಹೂತು, ಮೀನು ತೂಗಿಸಿದ ಹಾಗೆಯೇ ತೂಗಿಸಿ ಹೋಗಿದ್ದ. ಇಡೀ ದಿನದ ಬಿಸಿಲಿಗೆ ಐಸು ಕರಗಿ, ರಟ್ಟು ನೆನೆದು, ಕಿಚಡಿಗೆ ಬಂಗುಡೆಯ ವಾಸನೆ ಹಿಡಿದಿತ್ತು. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜರಿನಲ್ಲಿ ಇಡಬಾರದೆಂದು ಅದರ ಬೆನ್ನ ಮೇಲೆ ಅಚ್ಚಾಗಿತ್ತು.

ಕಸದ ಬುಟ್ಟಿಗೆ ಹಾಕುವಾಗಲೇ ಅವನ ಫೋನು ಬಂತು.

"ಸಿಕ್ಕಿತಾ? ಐಸು ಹಾಕಿದ್ದೆ."

"ಸಿಕ್ಕಿತು."

"ಒಳಗೆ ನಿಂತಿತಾ?"

"ನಿಂತಿತು," ಎಂದೆ.

ಈಗ ವಾರಕ್ಕೊಮ್ಮೆ ತಪ್ಪದೆ ಕಿಚಡಿಯ ಚೀಲ ತೂಗಿಸುತ್ತಾನೆ, ನಾನು ಎಸೆಯುತ್ತೇನೆ. ಅಷ್ಟೊಂದು ಹೆದರಿದ್ದಕ್ಕೆ ಕೊನೆಗೆ ಆದದ್ದು ಇಷ್ಟೇ: ನನ್ನ ಮನೆಗೆ ಮೀನು ಬರುವುದು ನಿಂತಿತು.